ಹಳೆಯ ಮಾರುತಿ 800ರ ಆಕ್ಸಲ್ ಬೂಟ್ ಹರಿದಿದೆ: ಮನೆಯಲ್ಲೇ ಬದಲಾಯಿಸಬಹುದೇ?

ಪ್ರಶ್ನೆ: ನಮ್ಮಲ್ಲಿ 2006ನೇ ಇಸವಿಯ ಮಾರುತಿ 800 ಇದೆ. ಎಡಗಡೆಯ ಮುಂಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸ್ ಸಿಡಿದಿದೆ. ಬಗ್ಗಿ ನೋಡಿದಾಗ ಚಕ್ರದ ಬದಿಯ ರಬ್ಬರ್ ಬೂಟ್ ಒಂದು ಮಡಿಕೆಯಲ್ಲಿ ಸೀಳಿರುವುದು ಕಂಡಿತು. ಇನ್ನೂ ಯಾವ ಸದ್ದೂ ಇಲ್ಲ. ಗ್ಯಾರೇಜಿನವರು ಎರಡೂ ಕಡೆಯ ಆಕ್ಸಲ್‌ಗಳನ್ನು ಪೂರ್ತಿ ಬದಲಾಯಿಸಬೇಕೆನ್ನುತ್ತಾರೆ. ಏನನ್ನೂ ಬಿಚ್ಚದೆ ಅಂಟಿಸುವ ಬೂಟ್ ಸಿಗುತ್ತದೆ ಎಂದು ಪರಿಚಯದ ಇನ್ನೊಬ್ಬರು ಹೇಳಿದರು. ತೋಟದ ಪವರ್ ಟಿಲ್ಲರಿನ ರಿಪೇರಿಯನ್ನು ನಾನೇ ಮಾಡಿಕೊಳ್ಳುತ್ತೇನೆ. ಈ ಕೆಲಸವನ್ನೂ ಮನೆಯಲ್ಲಿ ಮಾಡಬಹುದೇ? ಮಳೆಗಾಲ ಮುಗಿಯುವವರೆಗೆ ಹೀಗೆಯೇ ಓಡಿಸಿದರೆ ತೊಂದರೆಯೇ? — ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ಮಳೆಗಾಲ ಮುಗಿಯುವವರೆಗೆ ಓಡಿಸಬೇಡಿ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಶಾಫ್ಟೇ ಆಕ್ಸಲ್; ಅದರ ಎರಡೂ ತುದಿಗಳಲ್ಲಿ ಬಾಗುವ ಜಾಯಿಂಟುಗಳಿವೆ, ಅವುಗಳ ಗ್ರೀಸನ್ನು ಒಳಗಿಟ್ಟು ಕಾಯುವ ರಬ್ಬರ್ ಹೊದಿಕೆಯೇ ಬೂಟ್. ಸೀಳಿದ ಬೂಟಿನ ಕಾರು ಕೂಡಲೇ ನಿಂತುಹೋಗುವುದಿಲ್ಲ ಎಂಬುದು ನಿಜ. ಆದರೆ ಇವತ್ತು ಬೂಟು, ಗ್ರೀಸು ಮತ್ತು ಒಂದು ದಿನದ ಶ್ರಮದಲ್ಲಿ ಮುಗಿಯುವ ಕೆಲಸ ಮಲೆನಾಡಿನ ಕೆಸರಿನಲ್ಲಿ ಕೆಲವೇ ವಾರ ಓಡಿದ ಮೇಲೆ ಜಾಯಿಂಟನ್ನೇ ಬದಲಾಯಿಸಬೇಕಾದ ಕೆಲಸವಾಗುತ್ತದೆ. ಬೂಟ್ ಹರಿದಾಗ ಗ್ರೀಸ್ ಹೊರಗೆ ಹೋಗುವುದು ಅರ್ಧ ನಷ್ಟ ಮಾತ್ರ. ನೀರು ಮತ್ತು ಕೆಂಪು ಮಣ್ಣಿನ ನುಣುಪು ಪುಡಿ ಒಳಗೆ ಸೇರಿ, ಉಳಿದ ಗ್ರೀಸಿನೊಂದಿಗೆ ಬೆರೆತು, ಉಕ್ಕನ್ನು ಉಜ್ಜುವ ಅರೆಯುವ ಪೇಸ್ಟ್ ಆಗುವುದು ಇನ್ನರ್ಧ, ಮತ್ತು ದೊಡ್ಡ ಅರ್ಧ.

ಇದು ಹೀಗೇಕೆ ಎಂದು ತಿಳಿಯಲು ಒಳಗೆ ಏನಿದೆ ಎಂಬುದನ್ನು ಸ್ವಲ್ಪ ನೋಡಬೇಕು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಆ ಚಕ್ರಗಳು ತಿರುವಿಗೆ ಹೊರಳುವುದಿಲ್ಲವಾದ್ದರಿಂದ ಸಾದಾ ಅಡ್ಡಪಟ್ಟಿಯ ಜಾಯಿಂಟು ಸಾಕಾಗುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂಚಕ್ರಗಳಿಂದಲೇ ಎಳೆಯುವ ಕಾರು. ಒಂದೇ ಚಕ್ರ ಉರುಳಬೇಕು, ಹೊರಳಬೇಕು, ಗುಂಡಿಗೆ ಇಳಿದು ಏಳಬೇಕು. ಸಾದಾ ಜಾಯಿಂಟು ಬಾಗಿದಾಗ ಅದರ ಆಚೆ ತುದಿಯ ವೇಗ ಪ್ರತಿ ಸುತ್ತಿನಲ್ಲೂ ಎರಡು ಬಾರಿ ಏರಿ ಇಳಿಯುತ್ತದೆ. ಸ್ಟೀರಿಂಗ್ ಚಕ್ರದಲ್ಲಿ ಅದು ಕೈ ನಡುಗುವಷ್ಟು ತಿಳಿಯುತ್ತದೆ. ಈ ಏರಿಳಿತವಿಲ್ಲದೆ ತಿರುಗುವಂಥದ್ದೇ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಸಮವೇಗದ) ಜಾಯಿಂಟು. ಚಕ್ರದ ಬದಿಯಲ್ಲಿ ಇರುವ ಬಗೆಯನ್ನು 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರ್ ರೂಪಿಸಿದ. ಒಂದು ಬಟ್ಟಲು, ಅದರೊಳಗೆ ಒಂದು ಗುಂಡು, ಎರಡರಲ್ಲೂ ಬಾಗಿದ ಆರು ಗಾಡಿಗಳು (ಅಂದರೆ ಕೊರೆದ ತೋಡುಗಳು), ಆ ಗಾಡಿಗಳಲ್ಲಿ ಆರು ಉಕ್ಕಿನ ಗೋಲಿಗಳು, ಗೋಲಿಗಳನ್ನು ಸರಿಯಾದ ಸಮತಲದಲ್ಲಿ ಹಿಡಿದಿಡುವ ಒಂದು ಪಂಜರ. ಇದು 40 ಡಿಗ್ರಿಗೂ ಮೀರಿ ಬಾಗಬಲ್ಲದು. ಗೋಲಿ ಮತ್ತು ಗಾಡಿಗಳ ನಡುವಿನ ಸಡಿಲವನ್ನು ಕಾರ್ಖಾನೆಯಲ್ಲಿ ಬಹಳ ಕಡಿಮೆ ಇಟ್ಟಿರುತ್ತಾರೆ. ಒಂದು ಚಿಟಿಕೆ ಮರಳಿಗೂ ಅಲ್ಲಿ ಜಾಗವಿಲ್ಲ.

ಗೇರ್‌ಬಾಕ್ಸಿನ ಬದಿಯ ಜಾಯಿಂಟು ಬೇರೆ ಬಗೆಯದು. ಅದು ಕಡಿಮೆ ಬಾಗುತ್ತದೆ, ಆದರೆ ಚಕ್ರ ಮೇಲೆ ಕೆಳಗೆ ಆಡುವಾಗ ಶಾಫ್ಟಿನ ಉದ್ದವನ್ನು ಹೊಂದಿಸಲು ಒಳಗೆ ಹೊರಗೆ ಜಾರುತ್ತದೆ. ಎಷ್ಟೋ ಜನ ಶಾಫ್ಟನ್ನು ಕೈಯಲ್ಲಿ ಹಿಡಿದು ಒಳಹೊರಗೆ ಆಡಿಸಿ, ‘ಆಟ ಬಂದಿದೆ, ಹೋಗಿದೆ’ ಎಂದು ತೀರ್ಮಾನಿಸುತ್ತಾರೆ. ಆ ಜಾರಾಟ ದೋಷವಲ್ಲ, ಅದಕ್ಕಾಗಿಯೇ ಆ ಜಾಯಿಂಟು ಇರುವುದು.

ಚಕ್ರದ ಬದಿಯ ಬೂಟೇ ಮೊದಲು ಹರಿಯುವುದಕ್ಕೆ ಕಾರಣವೂ ಇದರಲ್ಲೇ ಇದೆ. 12 ಇಂಚಿನ ಚಕ್ರ ಒಂದು ಕಿಲೋಮೀಟರಿಗೆ 600ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸ್ಟೀರಿಂಗ್ ಹೊರಳಿಸಿದಾಗ ಬೂಟಿನ ಪ್ರತಿಯೊಂದು ಮಡಿಕೆಯೂ, ಹಾರ್ಮೋನಿಯಮ್ಮಿನ ತಿದಿಯಂತೆ, ಪ್ರತಿ ಸುತ್ತಿಗೊಮ್ಮೆ ಮುಚ್ಚಿ ತೆರೆಯುತ್ತದೆ. ಘಾಟಿಯ ತಿರುವುಗಳಲ್ಲಿ ದಿನವೂ ಓಡುವ ಕಾರಿನ ಬೂಟು ಬಯಲುಸೀಮೆಯ ನೇರ ಹೆದ್ದಾರಿಯಲ್ಲಿ ಓಡುವ ಕಾರಿನ ಬೂಟಿಗಿಂತ ಬೇಗ ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಇದರ ಜೊತೆಗೆ ವಯಸ್ಸು: ಕಾರು ಹೆಚ್ಚು ಓಡದಿದ್ದರೂ ಗಾಳಿಯಲ್ಲಿನ ಓಝೋನ್ ಮತ್ತು ಎಂಜಿನ್ನಿನ ಕಾವಿಗೆ ರಬ್ಬರ್ ಗಡುಸಾಗಿ ಮಡಿಕೆಯ ತಳದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ.

ಇನ್ನು ಗ್ಯಾರೇಜಿನವರ ಸಲಹೆ. ಅವರನ್ನು ನಾನು ದೂರುವುದಿಲ್ಲ. ಬೂಟ್ ಬದಲಾಯಿಸಲು ಬೇಕಾದ ಬಿಚ್ಚುವಿಕೆಯೆಲ್ಲವೂ ಆಕ್ಸಲ್ ಬದಲಾಯಿಸಲೂ ಬೇಕು. ಮೇಲಾಗಿ ಬೂಟಿನ ಕೆಲಸದಲ್ಲಿ ತೊಳೆಯುವ, ಪರೀಕ್ಷಿಸುವ, ಗ್ರೀಸ್ ತುಂಬುವ ಗಂಟೆಗಳಿವೆ. ಆ ಸಮಯಕ್ಕೆ ಗಿರಾಕಿ ಕೂಲಿ ಕೊಡುವುದಿಲ್ಲ, ಮತ್ತು ತಿಂಗಳ ಮೇಲೆ ಸದ್ದು ಬಂದರೆ ಜಗಳಕ್ಕೆ ಬರುತ್ತಾನೆ. ಆದ್ದರಿಂದ ಅವರಿಗೆ ಪೂರ್ತಿ ಆಕ್ಸಲ್ ಹಾಕುವುದೇ ಕ್ಷೇಮ. ನಿಮ್ಮದೇ ಕಾರಿಗೆ ನಿಮ್ಮದೇ ಸಮಯವನ್ನು ಹಾಕುವಾಗ ಲೆಕ್ಕ ತಿರುವುಮುರುವಾಗುತ್ತದೆ. ಅಷ್ಟಲ್ಲದೆ, ಮೂಲ ಜಾಯಿಂಟಿನ ಉಕ್ಕು ಮತ್ತು ಅದರ ಗಡಸುತನ ಅಗ್ಗದ ಹೊಸ ಆಕ್ಸಲ್‌ಗಳಲ್ಲಿ ಸಿಗುವುದು ಅಪರೂಪ. ಒಳಗೆ ಹಾಳಾಗದ ಮೂಲ ಜಾಯಿಂಟನ್ನು ಕಿತ್ತು ಹೆಸರಿಲ್ಲದ ಹೊಸದನ್ನು ಹಾಕುವುದು ನನ್ನ ಅಭಿಪ್ರಾಯದಲ್ಲಿ ನಷ್ಟದ ವ್ಯಾಪಾರ.

ಆದರೆ ‘ಒಳಗೆ ಹಾಳಾಗದ’ ಎಂಬ ಮಾತು ಮುಖ್ಯ. ಬೂಟನ್ನು ಕೊಳ್ಳುವ ಮೊದಲೇ ಜಾಯಿಂಟಿನ ಸ್ಥಿತಿಯನ್ನು ತಿಳಿದುಕೊಳ್ಳಿ. ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಮೊದಲ ಗೇರಿನಲ್ಲಿ ಸ್ವಲ್ಪ ಜೋರಾಗಿ ಎಳೆಯುತ್ತ ವೃತ್ತ ಹಾಕಿ. ಆಮೇಲೆ ಇನ್ನೊಂದು ಬದಿಗೆ. ‘ಕಟ ಕಟ ಕಟ’ ಎಂದು ಚಕ್ರದ ವೇಗಕ್ಕೆ ತಕ್ಕಂತೆ ಲಯವಾಗಿ ಸದ್ದು ಬಂದರೆ ಹೊರಗಿನ, ಅಂದರೆ ಚಕ್ರದ ಬದಿಯ, ಜಾಯಿಂಟು ಆಗಲೇ ಸವೆದಿದೆ ಎಂದರ್ಥ. ಅದಕ್ಕೆ ಹೊಸ ಬೂಟು, ಹೊಸ ಗ್ರೀಸು ಹಾಕಿದರೆ ಸದ್ದು ಕೆಲವು ದಿನ ಅಡಗಿ ಮತ್ತೆ ಬರುತ್ತದೆ. ನೇರ ರಸ್ತೆಯಲ್ಲಿ ವೇಗ ಹೆಚ್ಚಿಸುವಾಗ ಮಾತ್ರ ಇಡೀ ಕಾರು ಅಡ್ಡಡ್ಡ ನಡುಗಿ, ಆಕ್ಸಲರೇಟರ್ ಬಿಟ್ಟರೆ ನಡುಕ ನಿಂತರೆ ಒಳಗಿನ, ಅಂದರೆ ಗೇರ್‌ಬಾಕ್ಸಿನ ಬದಿಯ, ಜಾಯಿಂಟಿನ ಮೇಲೆ ಅನುಮಾನ ಪಡಬೇಕು. ನಂತರ ಸೀಳಿನಿಂದ ಒಂದಿಷ್ಟು ಗ್ರೀಸನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಕಪ್ಪಾಗಿ, ನುಣುಪಾಗಿ, ಜಿಡ್ಡಾಗಿದ್ದರೆ ನೀವು ಅದೃಷ್ಟವಂತರು. ಬಣ್ಣ ಕಂದಿ, ಕೆಂಪಾಗಿ, ಬೆರಳಿಗೆ ಕರಕರ ಎಂದರೆ ಮಣ್ಣು ಒಳಸೇರಿದೆ. ಆಗಲೂ ಆಸೆ ಬಿಡಬೇಕಾಗಿಲ್ಲ, ಆದರೆ ಅಂತಿಮ ತೀರ್ಮಾನವನ್ನು ಜಾಯಿಂಟು ತೊಳೆದ ಮೇಲೆ ಮಾಡಬೇಕು. ನಿಮ್ಮ ಕಾರಿಗೆ ಸದ್ದಿಲ್ಲ, ಗ್ರೀಸ್ ಇನ್ನೂ ಸಿಡಿಯುತ್ತಿದೆ ಎಂದರೆ ಒಳಗೆ ಇನ್ನೂ ಗ್ರೀಸ್ ಉಳಿದಿದೆ ಎಂದಾಯಿತು. ಇದು ಒಳ್ಳೆಯ ಲಕ್ಷಣ.

ಅಂಟಿಸುವ ಬೂಟಿನ ಬಗ್ಗೆ ನನಗೆ ಒಲವಿಲ್ಲ. ಅದರ ಜೋಡಣೆಯ ಅಂಚು ಎರಡು ಕಡೆಯೂ ಎಣ್ಣೆಪಸೆಯಿಲ್ಲದೆ ಒಣಗಿದ್ದರೆ ಮಾತ್ರ ಹಿಡಿಯುತ್ತದೆ, ಮತ್ತು ಕಾರಿನಡಿ ಮಲಗಿ ಗ್ರೀಸ್ ತುಂಬುತ್ತಿರುವವನ ಕೈಯಲ್ಲಿ ಒಣಗಿದ ಅಂಚು ಉಳಿಯುವುದು ಕಷ್ಟ. ಅದಕ್ಕಿಂತ ದೊಡ್ಡ ಆಕ್ಷೇಪವೆಂದರೆ, ಏನನ್ನೂ ಬಿಚ್ಚದೆ ಹಾಕಿದಾಗ ಒಳಗಿನ ಮಣ್ಣನ್ನು ತೊಳೆಯಲಾಗುವುದಿಲ್ಲ. ಕೊಳೆಯನ್ನು ಒಳಗಿಟ್ಟು ಬಾಗಿಲು ಹಾಕಿದಂತಾಯಿತು. ದೂರದ ಊರಿನಿಂದ ಮನೆ ಮುಟ್ಟುವುದಕ್ಕೆ ಅದು ಸಾಕು, ಅಷ್ಟೇ. ಶಂಕುವಿನ ಆಕಾರದ ಪ್ಲಾಸ್ಟಿಕ್ಕಿನ ಮೇಲೆ ಹಿಗ್ಗಿಸಿ ಜಾಯಿಂಟನ್ನು ದಾಟಿಸುವ ಬೂಟುಗಳೂ ಇವೆ. ಅವು ಅಂಟಿಸುವವುಗಳಿಗಿಂತ ಎಷ್ಟೋ ವಾಸಿ. ಆದರೆ ಅಷ್ಟು ಹಿಗ್ಗಬೇಕಾದ ರಬ್ಬರ್ ತೆಳ್ಳಗಿರುತ್ತದೆ.

ಬೂಟ್ ಕೊಳ್ಳುವಾಗ ಬೆಲ್ಟ್, ಅಂದರೆ ಕ್ಲಾಂಪ್, ಮತ್ತು ಗ್ರೀಸ್ ಪೊಟ್ಟಣ ಸೇರಿರುವ ಕಿಟ್ಟನ್ನೇ ಕೇಳಿ. 800ರ ಉತ್ಪಾದನೆ 2014ರಲ್ಲಿ ನಿಂತಿದ್ದರೂ ಇದರ ಬಿಡಿಭಾಗಗಳಿಗೆ ಈಗಲೂ ಬರವಿಲ್ಲ. ನಿಮ್ಮ ಊರಿನಲ್ಲಿ ಸಿಗದಿದ್ದರೆ ಶಿವಮೊಗ್ಗದಲ್ಲಿ, ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಖಂಡಿತ ಸಿಗುತ್ತದೆ. ಆಲ್ಟೊ, ಝೆನ್, 800ರ ಬೂಟುಗಳು ನೋಡಲು ಒಂದೇ ಥರ ಕಾಣುತ್ತವೆ, ಆದರೆ ಬಾಯಿಯ ಅಳತೆ ಬೇರೆ ಇರಬಹುದು. ಅಂಗಡಿಯವರು ‘ಎಲ್ಲದಕ್ಕೂ ಆಗುತ್ತೆ’ ಎಂದರೆ ನಂಬದೆ, ಶಾಫ್ಟಿನ ದಪ್ಪ ಮತ್ತು ಜಾಯಿಂಟಿನ ಗಾಡಿಯ ವ್ಯಾಸವನ್ನು ಅಳೆದು ಒಯ್ದು ಹೋಲಿಸಿ. ಒಂದು ಬದಿಗೆ ಒಳಗಿನದು ಮತ್ತು ಹೊರಗಿನದು ಎರಡೂ ಬೂಟುಗಳನ್ನು ತನ್ನಿ. ಒಳಗಿನ ಬೂಟು ಚೆನ್ನಾಗಿ ಕಂಡರೂ ತನ್ನಿ. ಅದು ಏಕೆಂದು ಈಗ ಹೇಳುತ್ತೇನೆ.

ಸುಝುಕಿ ಮೂಲದ ಈ ಕಾರುಗಳಲ್ಲಿ ಚಕ್ರದ ಬದಿಯ ಜಾಯಿಂಟನ್ನು ಬಿಚ್ಚಬಾರದೆಂದು ಸರ್ವಿಸ್ ಮ್ಯಾನುಯಲ್ ಹೇಳುತ್ತದೆ. ಬೇರೆ ಕೆಲವು ಕಂಪನಿಗಳ ಕಾರುಗಳಲ್ಲಿ ಹೊರಗಿನ ಜಾಯಿಂಟಿಗೆ ಮರದ ಕೊಡತಿಯಿಂದ ನಾಲ್ಕು ಏಟು ಹಾಕಿದರೆ ಅದು ಶಾಫ್ಟಿನಿಂದ ಕಳಚಿಕೊಳ್ಳುತ್ತದೆ. ಅದನ್ನು ನೋಡಿ ಕಲಿತವರು ಇಲ್ಲಿಯೂ ಹೊಡೆಯುತ್ತಾರೆ, ಪಂಜರವನ್ನೋ ಗೋಲಿಯನ್ನೋ ಕೆಡಿಸುತ್ತಾರೆ. ಇಲ್ಲಿ ದಾರಿ ಸುತ್ತಿನದು. ಗೇರ್‌ಬಾಕ್ಸಿನ ಬದಿಯ ಜಾಯಿಂಟನ್ನು ಬಿಚ್ಚಿ, ಒಳಗಿನ ಬೂಟನ್ನು ಶಾಫ್ಟಿನ ಮೇಲಿಂದ ಜಾರಿಸಿ ತೆಗೆದು, ಅದೇ ತುದಿಯಿಂದಲೇ ಹೊರಗಿನ ಬೂಟನ್ನೂ ತೆಗೆಯಬೇಕು. ಹೊಸದನ್ನೂ ಅದೇ ದಾರಿಯಲ್ಲಿ ತರಬೇಕು. ಅಂದರೆ ಹೊರಗಿನ ಬೂಟಿನ ಕೆಲಸದಲ್ಲಿ ಒಳಗಿನ ಬೂಟಿನ ಕೆಲಸ ಪುಕ್ಕಟೆಯಾಗಿ ಸೇರಿಕೊಂಡಿದೆ. ಅದೇ ವಯಸ್ಸಿನ ಹಳೆಯ ಬೂಟನ್ನು ಮತ್ತೆ ಹಾಕುವುದು ಜಾಣತನವಲ್ಲ.

ಸಲಕರಣೆಗಳ ಪೈಕಿ ನಿಮ್ಮಲ್ಲಿ ಇಲ್ಲದಿರಬಹುದಾದವು ಹಬ್ ನಟ್ಟಿಗೆ (ಚಕ್ರದ ನಡುವಿನ ದೊಡ್ಡ ನಟ್ಟಿಗೆ) ಸರಿಹೊಂದುವ ದಪ್ಪ ಗೋಡೆಯ ಸಾಕೆಟ್, ಸರ್ಕ್ಲಿಪ್ (ಗಾಡಿಯಲ್ಲಿ ಕೂರುವ ಸ್ಪ್ರಿಂಗ್ ಉಂಗುರ) ಬಿಡಿಸುವ ಇಕ್ಕಳ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಮತ್ತು ಎರಡು ಗಟ್ಟಿಯಾದ ಆಕ್ಸಲ್ ಸ್ಟ್ಯಾಂಡ್‌ಗಳು. ಇವುಗಳಲ್ಲಿ ಕೊನೆಯದರ ಬಗ್ಗೆ ರಾಜಿ ಬೇಡ. ಕಾರಿನೊಂದಿಗೆ ಬರುವ ಜ್ಯಾಕ್ ಪಂಕ್ಚರ್ ಚಕ್ರ ಬದಲಾಯಿಸುವುದಕ್ಕೆ ಇರುವುದು, ಅದರ ಕೆಳಗೆ ಮನುಷ್ಯ ತೂರುವುದಕ್ಕಲ್ಲ. ಟೊಳ್ಳು ಸಿಮೆಂಟ್ ಇಟ್ಟಿಗೆಯೂ ಜಂಬಿಟ್ಟಿಗೆಯೂ ಮುನ್ಸೂಚನೆ ಕೊಡದೆ ಒಡೆಯುತ್ತವೆ. ಈ ಕೆಲಸದಲ್ಲಿ ಶಾಫ್ಟನ್ನು ಮೀಟಿ ಎಳೆಯುವಾಗ ಕಾರು ಅಲುಗಾಡುತ್ತದೆ ಎಂಬುದನ್ನು ನೆನಪಿಡಿ. ಅಂಗಳ ಸಮತಟ್ಟಾಗಿ, ನೆಲ ಗಟ್ಟಿಯಾಗಿ ಇರಬೇಕು. ಒದ್ದೆ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತುಹೋಗುತ್ತದೆ, ಆದ್ದರಿಂದ ಅಡಿಗೆ ದಪ್ಪ ಹಲಗೆ ಹಾಕಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಒತ್ತಿ.

ಕೆಲಸ ಆರಂಭವಾಗುವುದು ಚಕ್ರ ನೆಲದ ಮೇಲಿರುವಾಗಲೇ. ಹಬ್ಬಿನ ನಡುವಿನ ನಟ್ಟಿನ ಅಂಚನ್ನು ಶಾಫ್ಟಿನ ಗಾಡಿಗೆ ಬಡಿದು ಕೂರಿಸಿದ್ದರೆ ಅದನ್ನು ಸಣ್ಣ ಉಳಿಯಿಂದ ಪೂರ್ತಿ ಮೇಲೆತ್ತಿ. ಸ್ಪ್ಲಿಟ್ ಪಿನ್ ಇದ್ದರೆ ಅದನ್ನು ತೆಗೆಯಿರಿ. ಅರ್ಧಂಬರ್ಧ ಎತ್ತಿ ತಿರುಗಿಸಿದರೆ ಶಾಫ್ಟಿನ ಥ್ರೆಡ್ ಹಾಳಾಗುತ್ತದೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ, ನೀವು ಉದ್ದ ಪೈಪಿನಿಂದ ನಟ್ಟನ್ನು ಸಡಿಲಿಸಿ, ತೆಗೆಯಬೇಡಿ. ಇಲ್ಲಿಂದ ಮುಂದೆ ನಟ್ಟು ಮತ್ತೆ ಬಿಗಿಯಾಗುವವರೆಗೆ ಕಾರನ್ನು ಒಂದು ಅಡಿಯೂ ಉರುಳಿಸಬಾರದು. ಚಕ್ರದ ಬೇರಿಂಗನ್ನು ಒತ್ತಿ ಹಿಡಿದಿರುವುದು ಇದೇ ನಟ್ಟು. ಅದು ಸಡಿಲವಿರುವಾಗ ಕಾರಿನ ಭಾರ ಹೊತ್ತು ಉರುಳಿದರೆ ಬೇರಿಂಗ್ ಕೆಡುತ್ತದೆ.

ಮುಂದಿನದು ಗೇರ್‌ಬಾಕ್ಸ್ ಆಯಿಲ್. ಶಾಫ್ಟನ್ನು ಹೊರಗೆಳೆದ ಕೂಡಲೇ ಆ ತೂತಿನಿಂದ ಆಯಿಲ್ ಸುರಿಯುತ್ತದೆ, ಆದ್ದರಿಂದ ಮೊದಲೇ ಬಸಿದುಕೊಳ್ಳಿ. ಬಸಿಯುವ ಪ್ಲಗ್ಗಿಗಿಂತ ಮೊದಲು ತುಂಬುವ ಪ್ಲಗ್ಗು ಬಿಚ್ಚುತ್ತದೆಯೇ ನೋಡಿಕೊಳ್ಳಿ. ಆಯಿಲ್ಲನ್ನೆಲ್ಲ ಬಸಿದ ಮೇಲೆ ತುಂಬುವ ಪ್ಲಗ್ಗು ತುಕ್ಕು ಹಿಡಿದು ಕೂತಿದೆಯೆಂದು ಗೊತ್ತಾದರೆ ಕಾರು ಅಂಗಳದಲ್ಲೇ ಉಳಿಯುತ್ತದೆ.

ಈಗ ಕಾರನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. 800ರಲ್ಲಿ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಬಾಲ್ ಜಾಯಿಂಟಿನ ಕಡ್ಡಿಯನ್ನು ಒಂದು ಅಡ್ಡ ಬೋಲ್ಟು ಬಿಗಿಹಿಡಿದಿರುತ್ತದೆ. ಆ ಬೋಲ್ಟು ಕಡ್ಡಿಯ ಗಾಡಿಯಲ್ಲಿ ಹಾದುಹೋಗುವುದರಿಂದ ಅದನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಕಾರು ಓಲಾಡದಂತೆ ತಡೆಯುವ ಸ್ಟೆಬಿಲೈಸರ್ ಬಾರ್ ಲೋಯರ್ ಆರ್ಮನ್ನು ಹಿಡಿದಿರುವುದರಿಂದ ಆರ್ಮ್ ಕೆಳಗೆ ಬರಲು ಒಪ್ಪುವುದಿಲ್ಲ. ಆ ಬಾರಿನ ಬ್ರಾಕೆಟ್ಟುಗಳನ್ನು ಚಾಸಿಯಿಂದ ಬಿಚ್ಚಿದರೆ ಕೆಲಸ ಹಗುರಾಗುತ್ತದೆ. ಬಾಲ್ ಜಾಯಿಂಟು ಕಳಚಿದ ಮೇಲೆ ಹಬ್ ನಟ್ಟನ್ನು ತೆಗೆದು, ಹಬ್ಬನ್ನು ಹೊರಗೆ ಎಳೆಯುತ್ತ ಶಾಫ್ಟನ್ನು ಒಳಗೆ ತಳ್ಳಿದರೆ ಅದು ಹಲ್ಲುಗಳಿಂದ ಜಾರಿ ಬರುತ್ತದೆ. ಬಾರದಿದ್ದರೆ ಹಳೆಯ ನಟ್ಟನ್ನು ಶಾಫ್ಟಿನ ತುದಿಗೆ ಸಮವಾಗಿ ತಿರುಗಿಸಿಟ್ಟು, ಮರದ ತುಂಡಿನ ಮೇಲೆ ಹೊಡೆಯಿರಿ. ಸುತ್ತಿಗೆಯಿಂದ ಶಾಫ್ಟಿಗೇ ಹೊಡೆದರೆ ತುದಿ ಹರಡಿಕೊಂಡು ನಟ್ಟು ಮತ್ತೆ ಏರುವುದಿಲ್ಲ. ಈ ಎಳೆದಾಟದಲ್ಲಿ ಬ್ರೇಕಿನ ರಬ್ಬರ್ ಪೈಪಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಗೇರ್‌ಬಾಕ್ಸಿನಿಂದ ಕೀಳುವಾಗ ಶಾಫ್ಟನ್ನು ಹಿಡಿದು ಎಂದೂ ಎಳೆಯಬೇಡಿ. ಜಾಯಿಂಟು ಬೂಟಿನೊಳಗೇ ಬಿಟ್ಟುಕೊಳ್ಳುತ್ತದೆ, ಗೇರ್‌ಬಾಕ್ಸಿನಲ್ಲಿರುವ ತುದಿ ಅಲ್ಲೇ ಉಳಿಯುತ್ತದೆ. ಜಾಯಿಂಟಿನ ಬುಡಕ್ಕೂ ಗೇರ್‌ಬಾಕ್ಸಿನ ಮೈಗೂ ನಡುವೆ ಚಪ್ಪಟೆ ಸನ್ನೆಕೋಲು ಕೊಟ್ಟು ಒಂದೇ ಸಲ ಚುರುಕಾಗಿ ಮೀಟಿದರೆ ಒಳಗಿನ ತಂತಿಯ ಲಾಕು ಬಿಟ್ಟು ಹೊರಬರುತ್ತದೆ. ಸನ್ನೆಕೋಲಿನ ತುದಿ ಆಯಿಲ್ ಸೀಲಿಗೆ ತಾಗಬಾರದು. ತಾಗಿದ ಅನುಮಾನವಿದ್ದರೆ ಸೀಲನ್ನೂ ಬದಲಾಯಿಸಿ. ಇಷ್ಟು ವಯಸ್ಸಾದ ಕಾರಿನಲ್ಲಿ ನಾನಾದರೆ ಹೇಗೂ ಬದಲಾಯಿಸುತ್ತೇನೆ.

ಆಕ್ಸಲ್ ಈಗ ಬೆಂಚಿನ ಮೇಲಿದೆ, ಮತ್ತು ಈ ಕೆಲಸದ ನಿಜವಾದ ಭಾಗ ಇಲ್ಲಿಂದ ಶುರು. ಹಳೆಯ ಬೆಲ್ಟುಗಳನ್ನು ಕತ್ತರಿಸಿ, ಒಳಬೂಟನ್ನು ಹಿಂದಕ್ಕೆ ಸರಿಸಿ. ನಿಮಗೆ ಎರಡು ಬಗೆಗಳಲ್ಲಿ ಒಂದು ಕಾಣಿಸಬಹುದು: ಬಟ್ಟಲಿನ ಬಾಯಲ್ಲಿ ಒಂದು ದೊಡ್ಡ ತಂತಿಯ ರಿಂಗ್ ಇದ್ದು ಒಳಗೆ ಗೋಲಿಗಳ ಪಂಜರವಿರುವುದು, ಇಲ್ಲವೇ ಮೂರು ಕಾಲಿನ ತುದಿಗಳಲ್ಲಿ ಉರುಳೆಗಳಿರುವುದು. ಮೊದಲಿನದಾದರೆ ರಿಂಗನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಪಂಜರ ಹೊರಬರುತ್ತದೆ. ಬಿಚ್ಚುವ ಮೊದಲು ಬಟ್ಟಲು, ಪಂಜರ ಅಥವಾ ಮೂರು ಕಾಲಿನ ಭಾಗ, ಮತ್ತು ಶಾಫ್ಟು ಮೂರಕ್ಕೂ ಒಂದೇ ಗೆರೆಯಲ್ಲಿ ಬಣ್ಣದ ಗುರುತು ಹಾಕಿ. ಉಳಿಯಿಂದ ಕಚ್ಚು ಹೊಡೆಯಬೇಡಿ. ಯಾವ ಮುಖ ಯಾವ ಕಡೆಗಿತ್ತು ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಏಕೆಂದರೆ ಪಂಜರವನ್ನು ತಲೆಕೆಳಗಾಗಿ ಹಾಕಿದರೂ ಅದು ಕೂರುವಂತೆ ತೋರುತ್ತದೆ. ಆಮೇಲೆ ಶಾಫ್ಟಿನ ತುದಿಯ ಸರ್ಕ್ಲಿಪ್ಪನ್ನು ಇಕ್ಕಳದಿಂದ ಬಿಡಿಸಿ, ಒಳಭಾಗವನ್ನು ಪುಲ್ಲರಿನಿಂದ ಹೊರಗೆಳೆಯಿರಿ. ಉರುಳೆಗಳಿರುವ ಬಗೆಯಾದರೆ ಅವು ಜಾರಿ ಬೀಳದಂತೆ ಟೇಪು ಸುತ್ತಿ. ಒಳಗಿನ ಸೂಜಿ ಬೇರಿಂಗುಗಳು ಅಂಗಳದಲ್ಲಿ ಚೆಲ್ಲಿದರೆ ಸಿಗುವುದಿಲ್ಲ.

ಎರಡೂ ಹಳೆಯ ಬೂಟುಗಳು ಹೊರಬಂದ ಮೇಲೆ ತೊಳೆಯುವುದು. ಹೊರಗಿನ ಜಾಯಿಂಟನ್ನು ಬಿಚ್ಚದೆಯೇ ತೊಳೆಯಬೇಕಾದ್ದರಿಂದ ತಾಳ್ಮೆ ಬೇಕು. ಮೊದಲು ಹಳೆಯ ಗ್ರೀಸನ್ನು ಕಡ್ಡಿ, ಬಟ್ಟೆಯಿಂದ ಆದಷ್ಟು ತೆಗೆಯಿರಿ. ಜಾಯಿಂಟನ್ನು ಡೀಸೆಲ್ ಇರುವ ಡಬ್ಬಿಯಲ್ಲಿ ಮುಳುಗಿಸಿ, ಎಲ್ಲ ದಿಕ್ಕಿಗೂ ಪೂರ್ತಿ ಬಾಗಿಸುತ್ತ, ತಿರುಗಿಸುತ್ತ, ಬ್ರಷ್ಷಿನಿಂದ ಗಾಡಿಗಳನ್ನು ಉಜ್ಜಿ. ಡೀಸೆಲ್ ಕೊಳೆಯಾದರೆ ಚೆಲ್ಲದೆ ಬೇರೆ ಡಬ್ಬಿಗೆ ಸುರಿದು, ಹೊಸದನ್ನು ಹಾಕಿ ಮತ್ತೆ ತೊಳೆಯಿರಿ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಒಂದು ಕಣವೂ ಕಾಣದವರೆಗೆ ಇದು ಮುಗಿಯುವುದಿಲ್ಲ. ಈ ಕೊಳೆಯನ್ನು ತೋಟದ ಬಸಿಗಾಲುವೆಗೋ ಬಾವಿಯ ಹತ್ತಿರವೋ ಸುರಿಯಬೇಡಿ. ಕೊನೆಗೆ ಜಾಯಿಂಟನ್ನು ಬೋರಲು ಹಾಕಿ ಪೂರ್ತಿ ಒಣಗಿಸಿ, ಸಾಧ್ಯವಿದ್ದರೆ ಗಾಳಿ ಊದಿಸಿ. ಒಳಗೆ ಉಳಿದ ಡೀಸೆಲ್ ಹೊಸ ಗ್ರೀಸನ್ನು ತೆಳುಮಾಡುತ್ತದೆ, ರಬ್ಬರನ್ನು ಉಬ್ಬಿಸುತ್ತದೆ. ಬೂಟುಗಳನ್ನಂತೂ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ಲಿನಿಂದ ಎಂದಿಗೂ ತೊಳೆಯಬಾರದು.

ಈಗ ಜಾಯಿಂಟನ್ನು ಬಾಗಿಸಿ, ಒಂದೊಂದು ಗೋಲಿಯನ್ನೂ ಬೆಳಕಿಗೆ ತಂದು ನೋಡಿ. ಗಾಡಿಗಳಲ್ಲಿ ಗೋಲಿ ಓಡಾಡಿದ ಹೊಳೆಯುವ ಪಟ್ಟಿ ಇರುವುದು ಸಹಜ. ಉಗುರು ಆಡಿಸಿದಾಗ ತಡೆಯುವ ಗುಂಡಿ, ಸಿಪ್ಪೆ ಎದ್ದ ಜಾಗ, ಕಾದು ನೀಲಿಯಾದ ಕಲೆ, ಪಂಜರದ ಕಿಟಕಿಯ ಮೂಲೆಯಲ್ಲಿ ಬಿರುಕು, ಇವುಗಳಲ್ಲಿ ಒಂದು ಕಂಡರೂ ಜಾಯಿಂಟಿನ ಆಯುಷ್ಯ ಮುಗಿದಿದೆ. ಗ್ರೀಸಿಲ್ಲದೆ ಒಣಗಿರುವಾಗ ಶಾಫ್ಟನ್ನು ಹಿಡಿದು ಬಟ್ಟಲನ್ನು ತಿರುಚಿದರೆ ಸ್ಪಷ್ಟವಾದ ಟಕ್ ಎಂಬ ಆಟ ಕೈಗೆ ಸಿಕ್ಕರೂ ಅಷ್ಟೇ. ಇಲ್ಲಿಯೇ ನಿಮ್ಮ ಗ್ಯಾರೇಜಿನವರ ಸಲಹೆಗೆ ಮರಳಬೇಕಾಗಬಹುದು. ಹಾಗಾದರೂ ಕೆಟ್ಟ ಬದಿಯದನ್ನು ಮಾತ್ರ ಬದಲಾಯಿಸಿದರೆ ಸಾಕು. ಇನ್ನೊಂದು ಬದಿಯ ಬೂಟು ಹರಿಯದಿದ್ದರೆ ಅದರ ಆಕ್ಸಲ್ಲನ್ನು ಮುಟ್ಟುವ ಕಾರಣವೇ ಇಲ್ಲ. ಮಡಿಕೆಗಳಲ್ಲಿ ಬಿರುಕು ಕಂಡಿದ್ದರೆ ಬೂಟು ಮಾತ್ರ ಬದಲಾಯಿಸಿ.

ಜಾಯಿಂಟು ಪಾಸಾಯಿತೆನ್ನೋಣ. ಶಾಫ್ಟಿನ ಹಲ್ಲುಗಳ ಮೇಲೆ ಟೇಪು ಸುತ್ತಿ, ಇಲ್ಲದಿದ್ದರೆ ಹೊಸ ಬೂಟಿನ ಬಾಯಿಯನ್ನು ಅವು ಕೊಯ್ಯುತ್ತವೆ. ಮೊದಲು ಹೊರಬೂಟಿನ ಚಿಕ್ಕ ಬೆಲ್ಟು, ಆಮೇಲೆ ಹೊರಬೂಟು ಹೀಗೆ ಕ್ರಮವಾಗಿ ಏರಿಸಿ. ಗ್ರೀಸ್ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ, ಸಿ.ವಿ. ಜಾಯಿಂಟಿಗೆಂದೇ ಮಾಡಿದ ಕಪ್ಪು ಗ್ರೀಸ್ ಆಗಿರಬೇಕು. ಟಿಲ್ಲರಿಗೆ ಬಳಸುವ ಸಾದಾ ಗ್ರೀಸ್, ಚಕ್ರದ ಬೇರಿಂಗಿನ ಗ್ರೀಸ್ ಇಲ್ಲಿ ಸಲ್ಲ; ಗೋಲಿ ಮತ್ತು ಗಾಡಿ ಉಜ್ಜುತ್ತ ಉರುಳುವ ಜಾಗದಲ್ಲಿ ಅಂಥ ಗ್ರೀಸಿನ ಪದರ ಒತ್ತಡಕ್ಕೆ ಒಡೆಯುತ್ತದೆ. ಕಿಟ್ಟಿನಲ್ಲಿ ಒಳಗಿನದಕ್ಕೂ ಹೊರಗಿನದಕ್ಕೂ ಬೇರೆ ಬೇರೆ ಪೊಟ್ಟಣಗಳಿದ್ದರೆ ಬೆರೆಸಬೇಡಿ. ಹೆಬ್ಬೆರಳಿನಿಂದ ಗೋಲಿಗಳ ನಡುವೆ ಒತ್ತಿ ತುಂಬಿ, ಜಾಯಿಂಟನ್ನು ಬಾಗಿಸಿ, ಮತ್ತೆ ಒತ್ತಿ. ಹಿಂಬದಿಯಿಂದ ಗ್ರೀಸ್ ಉಕ್ಕಿ ಬರುವವರೆಗೆ. ಪೊಟ್ಟಣದಲ್ಲಿ ಉಳಿದುದನ್ನು ಬೂಟಿನೊಳಗೆ ಹಾಕಿ. ಪೊಟ್ಟಣದ ಅಳತೆ ಲೆಕ್ಕಾಚಾರದಿಂದ ಬಂದದ್ದು. ಇನ್ನಷ್ಟು ತುಂಬಿದರೆ ಬೂಟು ಉಬ್ಬಿ ಬೆಲ್ಟಿನಿಂದ ಜಾರುತ್ತದೆ.

ಒಳಗಿನ ಜಾಯಿಂಟನ್ನು ಗುರುತು ನೋಡಿ ಜೋಡಿಸಿ, ಹೊಸ ಸರ್ಕ್ಲಿಪ್ ಗಾಡಿಯಲ್ಲಿ ಪೂರ್ತಿ ಕೂತಿದೆಯೇ ಎಂದು ತಿರುಗಿಸಿ ಖಚಿತಪಡಿಸಿಕೊಳ್ಳಿ. ಬೆಲ್ಟು ಬಿಗಿಯುವ ಮೊದಲು ಎರಡು ಸಂಗತಿಗಳಿವೆ, ಇವುಗಳನ್ನು ಕಡೆಗಣಿಸಿದ್ದರಿಂದಲೇ ಹೊಸ ಬೂಟುಗಳು ಬೇಗ ಹಾಳಾಗುವುದನ್ನು ನೋಡಿದ್ದೇನೆ. ಒಂದು, ಒಳಗೆ ಸಿಕ್ಕಿಕೊಂಡ ಗಾಳಿ. ಒಳಜಾಯಿಂಟನ್ನು ಅದು ಕಾರಿನಲ್ಲಿರುವ ಉದ್ದಕ್ಕೆ ತಂದು, ಬೂಟಿನ ತುಟಿಯಡಿ ಮೊಂಡು ಸ್ಕ್ರೂಡ್ರೈವರನ್ನು ಒಂದು ಕ್ಷಣ ತೂರಿಸಿ ಹೊರಗಿನ ಗಾಳಿಯೊಂದಿಗೆ ಸಮಮಾಡಿ. ಮಡಿಕೆಗಳು ಒಳಗೆ ಹೀರಿಕೊಂಡಂತೆಯೂ ಇರಬಾರದು, ಊದಿಕೊಂಡಂತೆಯೂ ಇರಬಾರದು, ತಿರುಚಿಕೊಂಡಿರಲೂ ಬಾರದು. ಎರಡು, ಮಡಚುವ ಬೆಲ್ಟಿನ ದಿಕ್ಕು. ಕಾರು ಮುಂದೆ ಹೋಗುವಾಗ ಶಾಫ್ಟು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಬೆಲ್ಟಿನ ಬಾಲವನ್ನು ಮಡಚಬೇಕು. ಪ್ಲಾಸ್ಟಿಕ್ ಟೈ, ಕಟ್ಟುವ ತಂತಿ ಇವೆಲ್ಲ ಬೇಡ: ಒಂದು ಕಾವಿಗೆ ಸಡಿಲಾಗುತ್ತದೆ, ಇನ್ನೊಂದು ರಬ್ಬರನ್ನು ಕೊಯ್ಯುತ್ತದೆ.

ವಾಪಸು ಜೋಡಿಸುವುದು ಬಿಚ್ಚಿದ್ದರ ತಿರುಗುಕ್ರಮ. ಗೇರ್‌ಬಾಕ್ಸ್ ತುದಿಯ ತಂತಿಯ ಲಾಕನ್ನು ಹೊಸದು ಹಾಕಿ, ಆಯಿಲ್ ಸೀಲಿನ ತುಟಿಗೆ ಗ್ರೀಸ್ ಸವರಿ, ನೇರವಾಗಿ ತಳ್ಳಿ. ಲಾಕು ಕೂತಾಗ ಕೈಗೆ ತಿಳಿಯುತ್ತದೆ. ಜಾಯಿಂಟನ್ನು ಹಿಡಿದು ಹೊರಗೆ ಎಳೆದಾಗ ಬರಬಾರದು. ಹಬ್ಬಿಗೆ ಹೊಸ ನಟ್ಟನ್ನೇ ಹಾಕಿ. ಚಕ್ರ ಮೇಲಿರುವಾಗ ಬ್ರೇಕ್ ಒತ್ತಿಸಿ ಒಂದು ಮಟ್ಟಕ್ಕೆ ಬಿಗಿದು, ಕಾರನ್ನು ಇಳಿಸಿದ ಮೇಲೆ ಕೊನೆಯ ಬಿಗಿ ಕೊಡಿ. ಇಂಥ ಸಣ್ಣ ಕಾರುಗಳಲ್ಲಿ ಈ ನಟ್ಟಿನ ಬಿಗಿ ಸಾಮಾನ್ಯವಾಗಿ 150ರಿಂದ 200 ನ್ಯೂಟನ್-ಮೀಟರ್ ಆಸುಪಾಸು ಇರುತ್ತದೆ. ನಿಮ್ಮ ಮಾದರಿಯ ನಿಖರ ಅಂಕಿಯನ್ನು ಸರ್ವಿಸ್ ಮ್ಯಾನುಯಲ್ಲಿನಿಂದ ತೆಗೆದುಕೊಳ್ಳಿ. 175 ಎಂದರೆ, ಒಂದು ಮೀಟರ್ ಉದ್ದದ ಸಲಾಕೆಯ ತುದಿಯಲ್ಲಿ ಸುಮಾರು 18 ಕಿಲೋ ಭಾರ. ಪೈಪಿನ ಮೇಲೆ ಹತ್ತಿ ನಿಲ್ಲುವ ಪದ್ಧತಿ ಇದರ ಮೂರು ನಾಲ್ಕು ಪಟ್ಟು ಬಿಗಿ ಕೊಟ್ಟು ಬೇರಿಂಗನ್ನು ಹಿಂಸಿಸುತ್ತದೆ. ನಟ್ಟಿನ ಅಂಚನ್ನು ಗಾಡಿಗೆ ಬಡಿದು ಕೂರಿಸಿ, ಅಥವಾ ಹೊಸ ಸ್ಪ್ಲಿಟ್ ಪಿನ್ ಹಾಕಿ. ಬಾಲ್ ಜಾಯಿಂಟಿನ ಬೋಲ್ಟು ಮತ್ತು ಸ್ಟೆಬಿಲೈಸರ್ ಬ್ರಾಕೆಟ್ಟುಗಳನ್ನು ಇನ್ನೊಮ್ಮೆ ನೋಡಿ. ಗೇರ್ ಆಯಿಲ್ಲನ್ನು ಕಾರು ಸಮತಟ್ಟಾಗಿ ನಿಂತಿರುವಾಗ ತುಂಬುವ ತೂತಿನ ಅಂಚಿನಿಂದ ತೊಟ್ಟಿಕ್ಕುವವರೆಗೆ ತುಂಬಿ.

ನಿಮ್ಮ ಪತ್ರದಲ್ಲಿಲ್ಲದ, ಆದರೆ ನಾನು ಕೇಳಲೇಬೇಕಾದ ಒಂದು ಮಾತು: ಆ ಸಿಡಿದ ಗ್ರೀಸ್ ಬ್ರೇಕ್ ಡಿಸ್ಕಿಗೆ ತಾಗಿದೆಯೇ? ಚಕ್ರದ ಒಳಮೈ ಪೂರ್ತಿ ಕಪ್ಪಾಗಿದ್ದರೆ ತಾಗಿರುವ ಸಂಭವವಿದೆ. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿದರೆ ಸಾಕು, ಆದರೆ ಗ್ರೀಸ್ ಹೀರಿದ ಪ್ಯಾಡುಗಳು ತೊಳೆದರೂ ಸರಿಹೋಗುವುದಿಲ್ಲ. ಅವನ್ನು ಎರಡೂ ಚಕ್ರಗಳಿಗೆ ಜೋಡಿಯಾಗಿ ಬದಲಾಯಿಸಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಮುಗಿದ ಮೇಲೆ ಮೈದಾನದ ವೃತ್ತಗಳನ್ನು ಮತ್ತೊಮ್ಮೆ ಹಾಕಿ ಕಿವಿಗೊಡಿ. ಚಕ್ರದ ಒಳಮೈಯನ್ನು ಮೊದಲೇ ಒರೆಸಿ ಶುಭ್ರವಾಗಿಡಿ. ಹಾಗಿದ್ದರೆ ನೂರು ಕಿಲೋಮೀಟರ್ ಓಡಿದ ಮೇಲೆ ಬಗ್ಗಿ ನೋಡಿದಾಗ ಬೆಲ್ಟಿನ ಅಂಚಿನಲ್ಲಿ ಹೊಸ ಗ್ರೀಸಿನ ಗೆರೆ ಇದೆಯೇ ಇಲ್ಲವೇ ಎಂಬುದು ತಕ್ಷಣ ಗೊತ್ತಾಗುತ್ತದೆ. ಗೆರೆ ಕಂಡರೆ ಬೂಟಿನದಲ್ಲ, ಬೆಲ್ಟಿನ ತಪ್ಪು. ಅದನ್ನು ಕತ್ತರಿಸಿ ಹೊಸದನ್ನು ಬಿಗಿಯಲು ಏನನ್ನೂ ಬಿಚ್ಚಬೇಕಾಗಿಲ್ಲ.